ಬಾಗಿಲು ತೆರೆಯದಿದ್ದಾಗ

ಬೆಂಗಳೂರಿನಲ್ಲಿ ಹಲಸೂರು ಗೇಟ್ ಎಂಬ ಪೊಲೀಸ್ ಠಾಣೆಯುಂಟು. ಗೇಟು ಮಾತ್ರ ಇಲ್ಲ. ಒಂದು ಕಾಲದಲ್ಲಿ ಪೇಟೆಯ ಸುತ್ತುಗೋಡೆಯಲ್ಲಿ ಹಲಸೂರಿನ ದಿಕ್ಕಿಗೆ ಮುಖಮಾಡಿ ನಿಜವಾದ ಹೆಬ್ಬಾಗಿಲೊಂದಿತ್ತು. 1791ನೆಯ ಇಸವಿ ಮಾರ್ಚಿ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯ ಅದನ್ನು ಒಡೆದು ಒಳನುಗ್ಗಿತು. ಮೂರ್‌ಹೌಸ್ ಎಂಬ ಅಧಿಕಾರಿ ಆ ಕಾಳಗದಲ್ಲಿ ಮಡಿದ. ಚರಿತ್ರೆಯ ವಿದ್ಯಾರ್ಥಿಯಾದ ನಾನು ಇದನ್ನು ಓದಿದ್ದು ಪರೀಕ್ಷೆಗಾಗಿ. ಆದರೆ ಕಳೆದ ಆಗಸ್ಟ್ ತಿಂಗಳಲ್ಲಿ, ತೆರೆಯಲೊಲ್ಲದ ಬೇರೊಂದು ಬಾಗಿಲ ಮುಂದೆ ನಾಲ್ಕು ದಿನ ನಿಂತಿದ್ದಾಗ, ಈ ಗೇಟು ಪದೇಪದೇ ನೆನಪಿಗೆ ಬಂತು. ಬಾಗಿಲು ತೆರೆಯದಿದ್ದರೆ ಅದನ್ನು ಒಡೆಯಬೇಕು, ಇಲ್ಲವೆ ಯಾವಾಗಲೂ ತೆರೆದೇ ಇಡಬೇಕು ಎಂಬ ಬುದ್ಧಿ ಮನುಷ್ಯನಿಗೆ ಬಹಳ ಹಳೆಯದು. ಅದು ತಪ್ಪು ಬುದ್ಧಿ. ಬಾಗಿಲು ಏಕೆ ತೆರೆಯಲಿಲ್ಲವೆಂಬುದನ್ನು ಮೊದಲು ಓದಬೇಕು. ಹಾಗೆ ಓದುವ ಕೆಲಸ ನಮ್ಮಂಥ ಬಿ.ಎ. ವಿದ್ಯಾರ್ಥಿಗಳಿಗೆ ಸಲ್ಲತಕ್ಕದ್ದೇ ಹೊರತು ಎಂಜಿನಿಯರುಗಳಿಗೆ ಮಾತ್ರ ಮೀಸಲಾದುದಲ್ಲ—ಇದು ನನ್ನ ಅಭಿಪ್ರಾಯ. ಒಪ್ಪದವರು ಇರಬಹುದು. ಅವರೂ ಸ್ವಲ್ಪ ಸಾವಧಾನದಿಂದ ಕೇಳಬೇಕೆಂದು ಬೇಡುತ್ತೇನೆ.

ನಾನು ಹೇಳಹೊರಟ ಬಾಗಿಲು ಒಂದು ಲಿನಕ್ಸ್ ಸರ್ವರಿನದು. ಸರ್ವರ್ ಎಂದರೆ ದೊಡ್ಡ ಕಟ್ಟಡ, ತಣ್ಣನೆಯ ಕೋಣೆ, ಮಿಣುಕುವ ದೀಪಗಳು ಎಂದು ಊಹಿಸಿಕೊಳ್ಳಬೇಕಾಗಿಲ್ಲ. ನಮ್ಮದು ತಿಂಗಳಿಗೆ ಕೆಲವು ನೂರು ರೂಪಾಯಿ ಬಾಡಿಗೆಯ, ಮುಂಬಯಿಯಲ್ಲೆಲ್ಲೋ ಇರುವ, ನಾವು ಎಂದೂ ಕಣ್ಣಿನಿಂದ ಕಾಣದ ಪುಟ್ಟ ಯಂತ್ರ. ಅದರಲ್ಲಿರುವ ಸಾಮಾನು ಮಾತ್ರ ಪುಟ್ಟದಲ್ಲ. ನಮ್ಮ ಕಾಲೇಜಿನ ಹಳೆಯ ವಾರ್ಷಿಕ ಸಂಚಿಕೆಗಳು ಗ್ರಂಥಾಲಯದ ಮೂಲೆಯ ಕಬ್ಬಿಣದ ಬೀರುವಿನಲ್ಲಿ ಗೆದ್ದಲಿಗೆ ಆಹಾರವಾಗುತ್ತಿದ್ದವು. ಹಿರಿಯ ವಿದ್ಯಾರ್ಥಿಯೊಬ್ಬರು ಎರಡು ವರ್ಷಗಳ ಹಿಂದೆ ಅವುಗಳ ಪುಟಪುಟಗಳ ಚಿತ್ರ ತೆಗೆದು ಆ ಸರ್ವರಿನಲ್ಲಿಡಲು ತೊಡಗಿದರು. ಅವರು ಪದವಿ ಪಡೆದು ಕೆಲಸಕ್ಕೆ ಸೇರಿದ ಮೇಲೆ ಉಳಿದ ಕೆಲಸ ನನ್ನ ಮತ್ತು ನನ್ನ ಮಿತ್ರನ ಪಾಲಿಗೆ ಬಂತು. ನಮಗೆ ಮೊದಲು ಇಲ್ಲಿ ಓದಿದವರ ಕವನ, ಚರ್ಚಾಸ್ಪರ್ಧೆಯ ವರದಿ, ಪ್ರವಾಸಕಥನ ಎಲ್ಲವೂ ಅಲ್ಲಿವೆ. ಕೆಲವು ಸಂಚಿಕೆಗಳ ಕಾಗದದ ಪ್ರತಿ ಈಗ ಮುಟ್ಟಿದರೆ ಪುಡಿಯಾಗುತ್ತದೆ, ಸರ್ವರಿನಲ್ಲಿರುವುದೇ ಗತಿ. ಆದಕಾರಣ ಬಾಗಿಲು ತೆರೆಯದಿದ್ದುದು ನಮಗೆ ವಿನೋದದ ಸಂಗತಿಯಾಗಿರಲಿಲ್ಲ.

ದೂರದ ಯಂತ್ರದೊಳಕ್ಕೆ ಹೋಗುವ ಕ್ರಮಕ್ಕೆ ಎಸ್‌ಎಸ್‌ಎಚ್ ಎಂದು ಹೆಸರು. ಇದನ್ನು 1995ರಲ್ಲಿ ರಚಿಸಿದವರು ಫಿನ್ಲೆಂಡ್ ದೇಶದ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ತಾತು ಯುಲೋನೆನ್. ಅವರ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕಳ್ಳಗಿವಿಯಿಟ್ಟು, ಹಾದುಹೋಗುತ್ತಿದ್ದ ಗುಪ್ತಪದಗಳನ್ನೆಲ್ಲ ಕದ್ದಿದ್ದರು. ಆಗಿನ ಟೆಲ್‌ನೆಟ್ ಪದ್ಧತಿಯಲ್ಲಿ ಪಾಸ್‌ವರ್ಡು ಅಂಚೆ ಕಾರ್ಡಿನ ಮೇಲೆ ಬರೆದ ಹಾಗೆ ಬಯಲಾಗಿ ಸಾಗುತ್ತಿತ್ತು. ಇದನ್ನು ತಡೆಯಲು ಹುಟ್ಟಿದ ಎಸ್‌ಎಸ್‌ಎಚ್‌ಗೆ 22ನೆಯ ಸಂಖ್ಯೆಯ ದ್ವಾರ ಸಿಕ್ಕಿತು. ಅದರ ಒಂದು ಪಕ್ಕ 21ರಲ್ಲಿ ಕಡತ ಸಾಗಿಸುವ ಎಫ್‌ಟಿಪಿ, ಇನ್ನೊಂದು ಪಕ್ಕ 23ರಲ್ಲಿ ಅದೇ ಟೆಲ್‌ನೆಟ್. ಈಗ ಲಿನಕ್ಸ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು 1999ರಲ್ಲಿ ಓಪನ್‌ಬಿಎಸ್‌ಡಿ ತಂಡದವರು ಹೊರತಂದ ಓಪನ್‌ಎಸ್‌ಎಸ್‌ಎಚ್.

ಇದರಲ್ಲಿ ಪಾಸ್‌ವರ್ಡಿಲ್ಲದೆ ಕೀಲಿಯಿಂದ ಒಳಗೆ ಹೋಗುವ ಏರ್ಪಾಡಿದೆ. ಕೀಲಿಗಳು ಎರಡು, ಜೋಡಿಯಾಗಿ ಹುಟ್ಟುವಂಥವು. ಒಂದು ಖಾಸಗಿ ಕೀಲಿ, ಇನ್ನೊಂದು ಸಾರ್ವಜನಿಕ ಕೀಲಿ. ಸಾರ್ವಜನಿಕ ಎಂಬುದನ್ನು ಕೀಲಿಯೆನ್ನುವುದಕ್ಕಿಂತ ಬೀಗವೆನ್ನುವುದೇ ಲೇಸು. ನನ್ನ ಬೀಗವನ್ನು ನಾನು ಯಾರಿಗೆ ಬೇಕಾದರೂ ಕೊಡಬಹುದು. ಬೀಗದ ಕೈ ಮಾತ್ರ ನನ್ನ ಜೇಬಿನಲ್ಲಿರಬೇಕು. ಸರ್ವರಿನಲ್ಲಿ ಪ್ರತಿಯೊಬ್ಬ ಬಳಕೆದಾರನ ಮನೆಯಲ್ಲೂ ‘ಆಥರೈಜ್ಡ್ ಕೀಸ್’ ಎಂಬ ಒಂದು ಪಟ್ಟಿಯಿರುತ್ತದೆ. ಯಾರ ಸಾರ್ವಜನಿಕ ಕೀಲಿಯ ಸಾಲು ಆ ಪಟ್ಟಿಯಲ್ಲಿದೆಯೋ ಅವರಿಗೆ ಪ್ರವೇಶ. ನಾನು ಬಾಗಿಲು ತಟ್ಟಿದಾಗ ನನ್ನ ಯಂತ್ರವು ಆ ಸಲದ ಸಂಪರ್ಕಕ್ಕೆ ಮಾತ್ರ ಸಲ್ಲುವ ಒಂದು ಸಹಿಯನ್ನು ಖಾಸಗಿ ಕೀಲಿಯಿಂದ ಹಾಕುತ್ತದೆ. ಸರ್ವರ್ ಅದನ್ನು ಪಟ್ಟಿಯಲ್ಲಿರುವ ಸಾರ್ವಜನಿಕ ಕೀಲಿಯೊಡನೆ ತಾಳೆನೋಡುತ್ತದೆ. ಖಾಸಗಿ ಕೀಲಿ ನನ್ನ ಯಂತ್ರವನ್ನು ಬಿಟ್ಟು ಹೊರಡುವುದೇ ಇಲ್ಲ. ಶಿವಾಜಿನಗರದ ಕಾಲುದಾರಿಯಲ್ಲಿ ಕುಳಿತು ಕೀ ಮಾಡಿಕೊಡುವವರಿಗೂ ನಕಲು ತೆಗೆಯಲು ಅಸಲು ಬೀಗದ ಕೈಯನ್ನು ತೋರಿಸಬೇಕಲ್ಲವೆ? ಇಲ್ಲಿ ತೋರಿಸುವ ಪ್ರಸಂಗವೇ ಬರುವುದಿಲ್ಲ. ಇದರ ಸೊಗಸು ನನಗೆ ತಿಳಿದ ದಿನ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಇನ್ನು ಆಗಸ್ಟಿನ ಕಥೆ. ಒಂದು ಶನಿವಾರ ಸಂಜೆ ನನ್ನ ಮಿತ್ರ ಹಲಸೂರಿನ ತನ್ನ ಕೋಣೆಯಲ್ಲಿ ಕುಳಿತು ಹಳೆಯದೊಂದು ಸಂಚಿಕೆಯ ಚಿತ್ರಗಳನ್ನು ಏರಿಸುತ್ತಿದ್ದ. ನಮ್ಮ ಪುಟಗಳನ್ನು ತೋರಿಸುವ ವೆಬ್ ಕಾರ್ಯಕ್ರಮಕ್ಕೆ ಚಿತ್ರಗಳ ಕೋಶದಲ್ಲಿ ಬರೆಯುವ ಹಕ್ಕು ಇರಲಿಲ್ಲ. ‘ಪರ್ಮಿಷನ್ ಡಿನೈಡ್’ ಎಂದಿತು. ಎಲ್ಲೋ ನೋಡಿದ ಸಲಹೆಯಂತೆ ಅವನು ನಮ್ಮ ಬಳಕೆದಾರನ ಮನೆಗೆಲ್ಲ, ಒಳಗಿನ ಕೋಶ ಕಡತಗಳಿಗೆಲ್ಲ, 777 ಎಂಬ ಹಕ್ಕನ್ನು ಒಂದೇ ಆಜ್ಞೆಯಲ್ಲಿ ದಯಪಾಲಿಸಿದ. ತತ್‌ಕ್ಷಣ ಚಿತ್ರಗಳು ಏರಿದವು. ಅವನು ಸಂತೋಷದಿಂದ ನನಗೆ ಸಂದೇಶ ಕಳಿಸಿ, ಯಂತ್ರವನ್ನು ಮುಚ್ಚಿ ಮಲಗಿದ.

ಭಾನುವಾರ ಬೆಳಿಗ್ಗೆ ನಾನು ಬಾಗಿಲು ತಟ್ಟಿದೆ. ‘ಪರ್ಮಿಷನ್ ಡಿನೈಡ್, ಪಬ್ಲಿಕ್ ಕೀ’ ಎಂಬ ಒಂದೇ ಸಾಲು. ಅವನಿಗೂ ಅದೇ ಸಾಲು. ಹಿಂದಿನ ದಿನದ ಔಷಧವೇ ಈ ದಿನದ ರೋಗವೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮುಂದಿನ ನಾಲ್ಕು ದಿನ ನಾವು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯಬೇಕು, ಏಕೆಂದರೆ ಎಲ್ಲರೂ ಮಾಡುವುದು ಅದನ್ನೇ. ಮೊದಲು ಕೀಲಿ ಕೆಟ್ಟಿದೆಯೆಂದು ತೀರ್ಮಾನಿಸಿ ಹೊಸ ಜೋಡಿ ಮಾಡಿದೆವು. ಹೊಸ ಬೀಗವನ್ನು ಸರ್ವರಿಗೆ ತಗುಲಿಸಬೇಕಾದರೆ ಒಳಗೆ ಹೋಗಬೇಕು. ಒಳಗೆ ಹೋಗಲು ಬಾಗಿಲು ತೆರೆಯಬೇಕು! ಆಮೇಲೆ ಮಿತ್ರನ ಖಾಸಗಿ ಕೀಲಿಯನ್ನೇ ವಾಟ್ಸಾಪಿನಲ್ಲಿ ತರಿಸಿಕೊಂಡು ನನ್ನ ಯಂತ್ರದಲ್ಲಿಟ್ಟು ನೋಡಿದೆ. ನನ್ನ ಯಂತ್ರ ‘ಈ ಖಾಸಗಿ ಕೀಲಿಯ ಕಡತವನ್ನು ಇತರರೂ ಓದಬಹುದಾಗಿದೆ, ಇದನ್ನು ಉಪಯೋಗಿಸಲಾರೆ’ ಎಂದು ದೊಡ್ಡಕ್ಷರಗಳಲ್ಲಿ ಕೂಗಿಕೊಂಡಿತು. ಅದರ ಬಾಯಿ ಮುಚ್ಚಿಸಲು ಹಕ್ಕನ್ನು 600ಕ್ಕೆ ಇಳಿಸಿದೆ. ಅದು ಸರಿಯಾದ ಕೆಲಸವೇ, ಆದರೆ ಏಕೆಂದು ತಿಳಿಯದೆ ಮಾಡಿದ್ದು. ಪರಿಣಾಮ, ಅದೇ ಒಂದು ಸಾಲು. ಮೂರನೆಯ ದಿನ ಪಾಸ್‌ವರ್ಡ್ ಪದ್ಧತಿಯೇ ಇದ್ದಿದ್ದರೆ ಚೆನ್ನಾಗಿತ್ತೆಂದು ಇಬ್ಬರೂ ನಿಟ್ಟುಸಿರಿಟ್ಟೆವು. ನಾಲ್ಕನೆಯ ದಿನ ಸರ್ವರನ್ನೇ ಅಳಿಸಿ ಮೊದಲಿನಿಂದ ಕಟ್ಟೋಣವೆಂದು ಮಿತ್ರ ಹೇಳಿದ. ಏರಿಸಿದ ಸಂಚಿಕೆಗಳಲ್ಲಿ ಅರ್ಧದಷ್ಟಕ್ಕೆ ನಮ್ಮಲ್ಲಿ ಬೇರೆ ಪ್ರತಿ ಇರಲಿಲ್ಲ. ಅಳಿಸುವ ಗುಂಡಿಯ ತನಕ ಹೋಗಿ ಹಿಂದಿರುಗಿದೆವೆಂಬುದನ್ನು ಈಗ ನೆನೆದರೂ ಎದೆ ಝಲ್ಲೆನ್ನುತ್ತದೆ.

ಕೊನೆಗೆ, ಸರ್ವರನ್ನು ಮೊದಲು ಸ್ಥಾಪಿಸಿದ ಆ ಹಿರಿಯರನ್ನೇ ಹಿಡಿಯುವುದೆಂದು ನಿಶ್ಚಯವಾಯಿತು. ಅವರು ಇಂದಿರಾನಗರದ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದಾರೆ, ಮನೆ ಕೃಷ್ಣರಾಜಪುರದಲ್ಲಿ. ಹಲಸೂರಿನಿಂದ ಮೆಟ್ರೋ ಹತ್ತಿದರೆ ನೇರವಾಗಿ ಅಲ್ಲಿಗೇ ಇಳಿಯಬಹುದು. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯ ಮುಂದಿನ ತುಂಡು ತೆರೆಯುವವರೆಗೆ ಇಳಿದು, ಬಸ್ಸು ಹಿಡಿದು, ತೂಗುಸೇತುವೆಯ ಬಳಿ ಗಂಟೆಗಟ್ಟಲೆ ಹೊಗೆ ಕುಡಿಯಬೇಕಾಗಿತ್ತು. ಅವರ ಮನೆಯಲ್ಲಿ ಕಾಫಿ ಬರುವುದಕ್ಕೆ ಮುಂಚೆಯೇ ಮಿತ್ರ ತನ್ನ ಗೋಳನ್ನೆಲ್ಲ ತೋಡಿಕೊಂಡ.

“ಅಣ್ಣ, ಕೀಲಿ ನಾಲ್ಕು ಸಲ ಬದಲಾಯಿಸಿ ನೋಡಿದೆವು.”

“ಅದಿರಲಿ. ಅದು ಏನು ಹೇಳುತ್ತಿದೆ?” ಎಂದರು ಅವರು.

“ಆಗುವುದಿಲ್ಲ ಅನ್ನುತ್ತಿದೆ.”

“ಆಗುವುದಿಲ್ಲ ಅನ್ನುವುದರಲ್ಲೂ ಹತ್ತು ಬಗೆ ಉಂಟಪ್ಪ. ಯಾವ ಬಗೆ?”

ಈ ಪ್ರಶ್ನೆಯೇ ನನ್ನ ಲೇಖನದ ತಿರುಳು. ಅವರು ಅಂದು ವಿವರಿಸಿದ್ದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಬಹಳ ಹೊತ್ತು ಕಾಯಿಸಿ ‘ಟೈಮ್ಡ್ ಔಟ್’ ಎಂದರೆ ನಾವು ಮನೆಯ ಬಾಗಿಲಿಗೆ ತಲುಪಿಯೇ ಇಲ್ಲ. ವಿಳಾಸ ತಪ್ಪಿರಬೇಕು, ಯಂತ್ರ ಮಲಗಿರಬೇಕು, ಇಲ್ಲವೆ ದಾರಿಯಲ್ಲಿ ಫೈರ್‌ವಾಲ್ ಅಡ್ಡವಿರಬೇಕು. ಕೂಡಲೆ ‘ಕನೆಕ್ಷನ್ ರೆಫ್ಯೂಸ್ಡ್’ ಎಂದರೆ ಸಾಮಾನ್ಯವಾಗಿ ಮನೆಯಿದೆ, ಬಾಗಿಲ ಬಳಿ ಓಗೊಡುವವರಿಲ್ಲ. ಎಸ್‌ಎಸ್‌ಎಚ್ ಕಾರ್ಯಕ್ರಮ ನಡೆಯುತ್ತಿಲ್ಲ, ಅಥವಾ 22 ಬಿಟ್ಟು ಬೇರೆ ದ್ವಾರದಲ್ಲಿ ಕುಳಿತಿದೆ. ‘ಯಜಮಾನನ ಗುರುತು ಬದಲಾಗಿದೆ’ ಎಂಬ ಭಯಂಕರ ಎಚ್ಚರಿಕೆ ಬಂದರೆ, ಸರ್ವರನ್ನು ಹೊಸದಾಗಿ ಕಟ್ಟಿದ್ದಾರೆ, ಅಥವಾ ನಡುವೆ ಯಾರೋ ಅದರ ವೇಷ ಹಾಕಿ ನಿಂತಿದ್ದಾರೆ. ಯಾವುದೆಂದು ವಿಚಾರಿಸದೆ ಹಳೆಯ ಗುರುತನ್ನು ಅಳಿಸಬಾರದು. ‘ಪರ್ಮಿಷನ್ ಡಿನೈಡ್, ಪಬ್ಲಿಕ್ ಕೀ’ ಎಂಬುದು ಮಾತ್ರ ಒಂದು ವಿಧದಲ್ಲಿ ಶುಭವಾರ್ತೆ! ದಾರಿ ಸರಿಯಿದೆ, ಬಾಗಿಲು ಅದೇ, ಒಳಗಿನವನು ಎದ್ದು ಬಂದು ನಮ್ಮ ಮಾತು ಕೇಳಿದ್ದಾನೆ. ಕೀಲಿಯ ವಿಚಾರದಲ್ಲಿ ಮಾತ್ರ ಒಪ್ಪಿಲ್ಲ. ನಾವು ನಾಲ್ಕು ದಿನ ಬರಿಯ ‘ಡಿನೈಡ್’ ಎಂಬುದನ್ನು ಓದಿದ್ದೆವು. ಉಳಿದ ಪದಗಳನ್ನು ಓದಿರಲಿಲ್ಲ.

ಇದಾದ ಮೇಲೆ ಎರಡು ಕಡೆಯಿಂದ ಓದಬೇಕು. ಹೊರಗಿನಿಂದ ಓದುವುದಕ್ಕೆ, ಎಸ್‌ಎಸ್‌ಎಚ್ ಆಜ್ಞೆಯೊಡನೆ ಒಂದು ಅಡ್ಡಗೆರೆಯನ್ನೂ ‘ವಿ’ ಎಂಬ ಅಕ್ಷರವನ್ನೂ ಸೇರಿಸಿದರೆ ಅದು ತಾನು ಮಾಡಿದ್ದನ್ನೆಲ್ಲ ಸಾಲುಸಾಲಾಗಿ ಒಪ್ಪಿಸುತ್ತದೆ: ಯಾವ ಹೆಸರಿನಲ್ಲಿ ಹೋದೆ, ಯಾವ ಕೀಲಿಯನ್ನು ಮುಂದಿಟ್ಟೆ, ಸರ್ವರ್ ಏನೆಂದಿತು. ಎಷ್ಟೋ ಸಲ ಇಲ್ಲಿಯೇ ಗುಟ್ಟು ರಟ್ಟಾಗುತ್ತದೆ. ಬಳಕೆದಾರನ ಹೆಸರು ‘ಉಬುಂಟು’ ಎಂದಿರಬೇಕಾದಲ್ಲಿ ‘ರೂಟ್’ ಎಂದಿರುತ್ತದೆ; ನಾವು ಕೊಟ್ಟೆವೆಂದುಕೊಂಡ ಕೀಲಿಯನ್ನು ಅದು ಮುಂದಿಟ್ಟೇ ಇರುವುದಿಲ್ಲ; ಅಥವಾ ನಮ್ಮಲ್ಲಿ ಕೀಲಿಗಳ ಗೊಂಚಲೇ ಇದ್ದು, ಒಂದೊಂದಾಗಿ ತೋರಿಸುವಷ್ಟರಲ್ಲಿ ಆರು ಪ್ರಯತ್ನಗಳ ಮಿತಿ ಮುಗಿದು ಸರ್ವರ್ ಬೇಸತ್ತು ಕದ ಹಾಕಿಕೊಂಡಿರುತ್ತದೆ. ನಮ್ಮ ವಿಷಯದಲ್ಲಿ ಹೆಸರು ಸರಿಯಿತ್ತು, ಕೀಲಿ ಮುಂದೆ ಹೋಗಿತ್ತು, ಸರ್ವರ್ ಅದನ್ನು ಬೇಡವೆಂದಿತ್ತು. ಏಕೆಂಬುದು ಹೊರಗಿನಿಂದ ಕಾಣುವಂತಿರಲಿಲ್ಲ.

ಆ ಹಿರಿಯರಿಗೆ ಅದೇ ಸರ್ವರಿನಲ್ಲಿ ತಮ್ಮದೇ ಬೇರೆ ಖಾತೆಯಿತ್ತು, ಆಡಳಿತದ ಅಧಿಕಾರವೂ ಇತ್ತು. ಅವರ ಕೀಲಿಗೆ ಬಾಗಿಲು ಸುಲಭವಾಗಿ ತೆರೆಯಿತು. ಒಳಗೆ ಹೋಗಿ ಸರ್ವರಿನ ದಿನಚರಿಯನ್ನು, ಅಂದರೆ ಲಾಗ್ ಎನ್ನುವುದನ್ನು, ತೆರೆದಿಟ್ಟು, ನನಗೆ ಈಗ ತಟ್ಟು ಎಂದರು. ನಾನು ತಟ್ಟಿದೆ. ದಿನಚರಿಯಲ್ಲಿ ಒಂದು ಸಾಲು ಮೂಡಿತು: ‘ಅಥೆಂಟಿಕೇಷನ್ ರೆಫ್ಯೂಸ್ಡ್: ಬ್ಯಾಡ್ ಓನರ್‌ಶಿಪ್ ಆರ್ ಮೋಡ್ಸ್ ಫಾರ್ ಡೈರೆಕ್ಟರಿ’, ಮುಂದೆ ನಮ್ಮ ಮನೆಯ ಕೋಶದ ಹೆಸರು. ಈ ಕೋಶದ ಒಡೆತನವೋ ಹಕ್ಕೋ ಸರಿಯಿಲ್ಲದ್ದರಿಂದ ಪ್ರವೇಶ ನಿರಾಕರಿಸಿದ್ದೇನೆ ಎಂದು ಅರ್ಥ. ನಾಲ್ಕು ದಿನಗಳಲ್ಲಿ ನಾವು ಎಷ್ಟು ಸಲ ತಟ್ಟಿದ್ದೆವೋ ಅಷ್ಟು ಸಲವೂ ಪಾಪ, ಅದು ಈ ಕಾರಣವನ್ನು ತಪ್ಪದೆ ಬರೆದಿಟ್ಟಿತ್ತು. ಓದುವವರಿರಲಿಲ್ಲ.

777 ಎಂದರೇನೆಂದು ಆಗ ನನಗೆ ತಿಳಿಯಿತು. ಮೊದಲ ಅಂಕಿ ಒಡೆಯನ ಹಕ್ಕು, ಎರಡನೆಯದು ಗುಂಪಿನದು, ಮೂರನೆಯದು ಉಳಿದ ಎಲ್ಲರದು. ಓದುವುದಕ್ಕೆ 4, ಬರೆಯುವುದಕ್ಕೆ 2, ಒಳಗೆ ಹಾಯುವುದಕ್ಕೆ 1. ಮೂರೂ ಸೇರಿ 7. ಅಂದರೆ ಆ ಯಂತ್ರದಲ್ಲಿರುವ ಯಾವನೇ ಆಗಲಿ, ಯಾವ ಕಾರ್ಯಕ್ರಮವೇ ಆಗಲಿ, ನಮ್ಮ ಮನೆಯೊಳಗೆ ಬಂದು ಏನನ್ನು ಬೇಕಾದರೂ ಬದಲಾಯಿಸಬಹುದು. ಆ ಅನುಮತಿಯ ಪಟ್ಟಿಗೆ ತನ್ನ ಕೀಲಿಯ ಸಾಲನ್ನು ಸೇರಿಸಿಯೂ ಬಿಡಬಹುದು. ಹಾಗಿರುವಾಗ ಆ ಪಟ್ಟಿಯ ಮೇಲೆ ಸರ್ವರಿಗೆ ನಂಬಿಕೆ ಹೇಗೆ ಬರಬೇಕು? ಅದು ಶಂಕಿಸಿದ್ದು ನಮ್ಮ ಕೀಲಿಯನ್ನಲ್ಲ, ನಾವೇ ಬೀದಿಯಲ್ಲಿಟ್ಟ ಪಟ್ಟಿಯನ್ನು. ಓಪನ್‌ಎಸ್‌ಎಸ್‌ಎಚ್‌ನಲ್ಲಿ ಈ ಕಟ್ಟುಪಾಡಿಗೆ ‘ಸ್ಟ್ರಿಕ್ಟ್ ಮೋಡ್ಸ್’ ಎಂದು ಹೆಸರು. ಯಾರೂ ಹೇಳದಿದ್ದರೂ ಅದು ಜಾರಿಯಲ್ಲಿರುತ್ತದೆ. ಮನೆಗೆ 755, ಕೀಲಿಗಳ ಕೋಶಕ್ಕೆ 700, ಪಟ್ಟಿಗೆ 600 ಎಂದು ಅಣ್ಣ ಹಕ್ಕುಗಳನ್ನು ಇಳಿಸಿದರು; ಒಳಗಿನ ಉಳಿದ ಕಡತಗಳನ್ನೂ ಹಿಂದಿನ ಸ್ಥಿತಿಗೆ ತಂದರು. ಚಿತ್ರಗಳ ಕೋಶವೊಂದಕ್ಕೆ ಮಾತ್ರ ವೆಬ್ ಕಾರ್ಯಕ್ರಮದ ಗುಂಪಿಗೆ ಬರೆಯುವ ಹಕ್ಕು ಕೊಟ್ಟರು. ಬಾಗಿಲು ತೆರೆಯಿತು, ಚಿತ್ರಗಳೂ ಏರಿದವು. ಕಾಫಿ ಇನ್ನೂ ಬಿಸಿಯಾಗಿಯೇ ಇತ್ತು.

ಸ್ಟ್ರಿಕ್ಟ್ ಮೋಡ್ಸ್‌ಅನ್ನೇ ತೆಗೆದುಹಾಕಿದರೆ ಈ ತಾಪತ್ರಯವೇ ಇರುವುದಿಲ್ಲವಲ್ಲ ಎಂದು ಮಿತ್ರ ಕೇಳಿದ. ತೆಗೆಯಬಹುದು, ಅದಕ್ಕೂ ಒಂದು ಸಾಲು ಸಾಕು. ಇಂಥ ಸಲಹೆ ಕೊಡುವವರು ಹೇರಳವಾಗಿದ್ದಾರೆ. ಇಲ್ಲಿಯೇ ನನ್ನ ಭಿನ್ನಾಭಿಪ್ರಾಯ. ದೂರನ್ನು ನಿಲ್ಲಿಸುವುದು ಬೇರೆ, ದೂರಿನ ಕಾರಣವನ್ನು ನಿವಾರಿಸುವುದು ಬೇರೆ. 2006ರಲ್ಲಿ ಡೆಬಿಯನ್ ಎಂಬ ಪ್ರಸಿದ್ಧ ಲಿನಕ್ಸ್ ಪ್ರಭೇದದಲ್ಲಿ, ದೋಷ ಹುಡುಕುವ ಒಂದು ಉಪಕರಣವು ಕೊಡುತ್ತಿದ್ದ ಎಚ್ಚರಿಕೆಯನ್ನು ನಿಲ್ಲಿಸುವ ಸದುದ್ದೇಶದಿಂದ ಓಪನ್‌ಎಸ್‌ಎಸ್‌ಎಲ್ ಕಾರ್ಯಕ್ರಮದ ಅಲ್ಪಸ್ವಲ್ಪ ಭಾಗವನ್ನು ತೆಗೆದುಹಾಕಿದರು. ಎಚ್ಚರಿಕೆ ನಿಂತಿತು. ಅದರೊಡನೆ ಕೀಲಿಗಳನ್ನು ಊಹಿಸಲಾಗದಂತೆ ಮಾಡುತ್ತಿದ್ದ ಯಾದೃಚ್ಛಿಕತೆಯೂ ಹೋಯಿತು; ಒಂದು ಬಗೆಯ, ಒಂದು ಅಳತೆಯ ಕೀಲಿಯೆಂದರೆ ಹೆಚ್ಚುಕಡಿಮೆ 32,768 ಬೇರೆಬೇರೆ ಕೀಲಿಗಳು ಮಾತ್ರ ಹುಟ್ಟುವಂತಾಯಿತು. ಕಳ್ಳನಾದವನು ಅಷ್ಟನ್ನೂ ಮೊದಲೇ ಮಾಡಿಟ್ಟುಕೊಂಡು ಒಂದೊಂದಾಗಿ ಹಾಕಿ ನೋಡಬಹುದಾಗಿತ್ತು. ಇದು ಬೆಳಕಿಗೆ ಬಂದದ್ದು 2008ರ ಮೇ ತಿಂಗಳಲ್ಲಿ. ನನ್ನ ಮಿತ್ರನ 777 ಅದರ ಮುಂದೆ ಸಣ್ಣದು, ಆದರೆ ಜಾತಿ ಒಂದೇ.

ಹಾಗಾದರೆ ಸರ್ವರು ಕಾರಣವನ್ನು ನಮ್ಮ ಮುಖಕ್ಕೇ ಏಕೆ ಹೇಳಬಾರದು, ನಾಲ್ಕು ದಿನ ಉಳಿಯುತ್ತಿತ್ತಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಬಾಗಿಲ ಹೊರಗೆ ನಿಂತವರು ಯಾರೆಂದು ಅದಕ್ಕೆ ಇನ್ನೂ ಗೊತ್ತಾಗಿಲ್ಲವೆಂಬುದನ್ನು ಮರೆಯಬಾರದು. ಅದೇ ದಿನಚರಿಯಲ್ಲಿ ನಮ್ಮ ಸಾಲುಗಳ ನಡುವೆ ಅಪರಿಚಿತರ ಸಾಲುಗಳು ನೂರಾರು ಇದ್ದವು. ‘ರೂಟ್’, ‘ಅಡ್ಮಿನ್’, ‘ಟೆಸ್ಟ್’ ಎಂಬ ಹೆಸರುಗಳಿಂದ ಹಗಲೂ ರಾತ್ರಿಯೂ ತಟ್ಟುತ್ತಿದ್ದವರು. ಪಾಸ್‌ವರ್ಡ್ ಪದ್ಧತಿಯಾಗಿದ್ದರೆ ಒಂದಲ್ಲ ಒಂದು ದಿನ ಯಾರದೋ ಊಹೆ ಫಲಿಸುತ್ತಿತ್ತು. ಇಂಥವರಿಗೆ ‘ಈ ಹೆಸರಿನವರು ಇಲ್ಲಿಲ್ಲ’ ಎಂದಷ್ಟು ಹೇಳಿದರೂ ಅದೊಂದು ಸುಳಿವೇ. 2018ರಲ್ಲಿ ಓಪನ್‌ಎಸ್‌ಎಸ್‌ಎಚ್‌ನ 7.7ರವರೆಗಿನ ಆವೃತ್ತಿಗಳಲ್ಲಿ ಇಂಥದೊಂದು ದೋಷ ಬಯಲಾಯಿತು. ಕೆಡಿಸಿದ ಒಂದು ಬಿನ್ನಹವನ್ನು ಕಳಿಸಿದರೆ, ಆ ಹೆಸರಿನ ಬಳಕೆದಾರ ಇದ್ದಾನೋ ಇಲ್ಲವೋ ಎಂಬುದು ಉತ್ತರದ ರೀತಿಯಿಂದ ತಿಳಿದುಬಿಡುತ್ತಿತ್ತು. ಅದನ್ನೂ ತಿದ್ದಿದರು. ಹೊರಗಿನವರಿಗೆ ಚುಟುಕಾಗಿ, ಒಳಗಿನವರಿಗೆ ವಿವರವಾಗಿ. ಈ ನೀತಿ ನನಗೆ ಒಪ್ಪಿಗೆ.

ಈ ಮಾತನ್ನು ನಾನು ಸುಲಭವಾಗಿ ಒಪ್ಪಿದವನಲ್ಲ. ಚುಟುಕು ನಿರಾಕರಣೆಯೆಂದರೆ ನನಗೆ ಮೊದಲಿನಿಂದಲೂ ಕೋಪ. ನಮ್ಮ ತಾಯಿ ನಾಲ್ಕು ಮನೆಗಳ ಪಾತ್ರೆ ತೊಳೆದು ಬೆರಳು ಸವೆಸಿಕೊಂಡವರು. ಪಡಿತರದ ಅಂಗಡಿಯ ಯಂತ್ರ ಒಂದು ತಿಂಗಳು ಅವರ ಹೆಬ್ಬೆರಳನ್ನು ಒಪ್ಪಲಿಲ್ಲ. “ಹೊಂದುತ್ತಿಲ್ಲಮ್ಮ, ನಾಳೆ ಬನ್ನಿ” ಎಂದರು. ನಾಳೆಯೂ ಹೊಂದಲಿಲ್ಲ. ಬೆರಳು ಸವೆದಿತ್ತೋ, ಜಾಲ ಸಿಕ್ಕಲಿಲ್ಲವೋ, ಎಲ್ಲೋ ಹೆಸರು ತಪ್ಪಾಗಿತ್ತೋ, ಅಂಗಡಿಯವರಿಗೂ ತಿಳಿಯದು. ಎಂಟು ವರ್ಷದವನಾಗಿದ್ದಾಗಿನಿಂದ ಅರ್ಜಿಗಳನ್ನು ಓದಿ ಹೇಳುವುದು ನಮ್ಮ ಮನೆಯಲ್ಲಿ ನನ್ನ ಕೆಲಸ. ಅಂದು ಓದಲು ನನಗೆ ಏನೂ ಸಿಕ್ಕಲಿಲ್ಲ. ಸರ್ವರಿಗೂ ಅದಕ್ಕೂ ಇರುವ ಅಂತರ ಇದೇ. ಸರ್ವರು ‘ಇಲ್ಲ’ ಎಂದರೂ ಅದರ ಹಿಂದೆ ಒಂದು ದಿನಚರಿಯಿದೆ, ಅದರ ಒಡೆಯನಿಗೆ ಅದನ್ನು ಓದುವ ಹಕ್ಕಿದೆ. ತಾಯಿಯ ಅಕ್ಕಿಯ ವಿಷಯದಲ್ಲಿ ಒಡೆಯರು ಅವರೇ ಆಗಿದ್ದರೂ ದಿನಚರಿಯನ್ನು ಅವರಿಗೆ ತೋರಿಸುವವರಿರಲಿಲ್ಲ. ಓದುವ ಹಕ್ಕು ಇರುವ ಕಡೆಯಲ್ಲೂ ಓದದೆ ನಾಲ್ಕು ದಿನ ಕಳೆದೆವಲ್ಲ ಎಂಬುದೇ ನನಗೆ ಹೆಚ್ಚಿನ ನಾಚಿಕೆ.

ಇನ್ನು ಕೆಲವು ಕಾರಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಸಾರ್ವಜನಿಕ ಕೀಲಿಯು ಎಷ್ಟು ಉದ್ದವಿದ್ದರೂ ಒಂದೇ ಸಾಲಿನಲ್ಲಿರಬೇಕು. ಸಂದೇಶದಿಂದ ನಕಲು ಮಾಡುವಾಗ ಎರಡು ಸಾಲಾಗಿ ಮುರಿದರೆ ಅದು ಕೀಲಿಯೇ ಅಲ್ಲ. ಹಳೆಯ ಆರ್‌ಎಸ್‌ಎ ಕೀಲಿಗಳವರು 2021ರಿಂದೀಚೆಗೆ ಪೇಚಾಡಿದ್ದುಂಟು; ಆ ವರ್ಷ ಬಂದ 8.8ನೆಯ ಆವೃತ್ತಿ, ದುರ್ಬಲವಾದ ಶಾ-1 ಕ್ರಮದ ಆರ್‌ಎಸ್‌ಎ ಸಹಿಗಳನ್ನು ತಾನಾಗಿ ಒಪ್ಪುವುದನ್ನು ಬಿಟ್ಟಿತು. ಕೀಲಿಯೇ ಸತ್ತಿತೆಂದು ಎಷ್ಟೋ ಜನ ತಿಳಿದರು. ಕೀಲಿ ಸತ್ತಿರಲಿಲ್ಲ, ಎರಡೂ ಕಡೆಯ ಕಾರ್ಯಕ್ರಮ ಹೊಸದಾಗಿದ್ದರೆ ಅದೇ ಕೀಲಿ ಶಾ-2 ಕ್ರಮದಲ್ಲಿ ಸಹಿ ಹಾಕಬಲ್ಲದು. ಸರ್ವರಿನ ನಿಯಮಗಳನ್ನು ತಿದ್ದುವಾಗ, ಒಳಗಿರುವ ಒಂದು ಸಂಪರ್ಕವನ್ನು ಮುಚ್ಚದೆ ಹಾಗೆಯೇ ಇಟ್ಟುಕೊಂಡು, ಇನ್ನೊಂದರಿಂದ ಬಾಗಿಲು ತಟ್ಟಿ ಪರೀಕ್ಷಿಸಬೇಕು. ಇದನ್ನು ನಮಗೆ ಯಾರಾದರೂ ಮೊದಲೇ ಹೇಳಿದ್ದರೆ!

ಓದುವುದರ ಮಹತ್ವಕ್ಕೆ ಇನ್ನೊಂದು ನಿದರ್ಶನ ಕೊಡದೆ ಇರಲಾರೆ. 2024ರ ಮಾರ್ಚಿ ತಿಂಗಳಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು, ತಮ್ಮ ಪರೀಕ್ಷಾ ಯಂತ್ರಕ್ಕೆ ಎಸ್‌ಎಸ್‌ಎಚ್ ಮೂಲಕ ಹೋಗಲು ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯೆಂಬುದನ್ನು ಗಮನಿಸಿದರು. ಬಾಗಿಲು ತೆರೆಯದೆ ಇರಲಿಲ್ಲ, ತುಸು ತಡವಾಗಿ ತೆರೆಯುತ್ತಿತ್ತು, ಅಷ್ಟೆ. ನಾವಾಗಿದ್ದರೆ ಜಾಲವನ್ನು ಶಪಿಸಿ ಸುಮ್ಮನಾಗುತ್ತಿದ್ದೆವು. ಅವರು ಬೆನ್ನುಹತ್ತಿ ಓದಿದರು. ಎಕ್ಸ್‌ಜೆಡ್ ಎಂಬ, ಕಡತಗಳನ್ನು ಕುಗ್ಗಿಸುವ ಸಾಧಾರಣ ಉಪಕರಣದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ವರ್ಷಗಟ್ಟಲೆ ವಿಶ್ವಾಸ ಗಳಿಸಿಕೊಂಡಿದ್ದ ಒಬ್ಬ ವ್ಯಕ್ತಿ ಎಸ್‌ಎಸ್‌ಎಚ್ ಬಾಗಿಲಿಗೆ ಗುಟ್ಟಿನ ಹಿತ್ತಿಲ ದಾರಿಯನ್ನು ಹುದುಗಿಸಿಟ್ಟಿದ್ದುದು ಹೊರಬಿತ್ತು. ಅದು ಲಿನಕ್ಸಿನ ಮುಖ್ಯ ಸ್ಥಿರ ಆವೃತ್ತಿಗಳಿಗೆ ಹರಡುವ ಮೊದಲೇ ಸಿಕ್ಕಿಬಿತ್ತು. ಫ್ರಾಯಿಂಡರು ಭದ್ರತೆಯ ಪಂಡಿತರಲ್ಲ, ಡೇಟಾಬೇಸಿನ ಕೆಲಸದವರು.

ಬಿ.ಎ.ಯವರಿಗೆ ಇದೇಕೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೆ. ಶಾಸನವನ್ನು ಓದುವಾಗ ಯಾವ ಅಕ್ಷರ ಮುಕ್ಕಾಗಿದೆ, ಯಾವುದು ನಂತರ ಸೇರಿದ್ದು ಎಂದು ನೋಡಲು ನಮಗೆ ಕಲಿಸುತ್ತಾರೆ. ಹಳಗನ್ನಡದ ಪದ್ಯವನ್ನು ಬಿಡಿಸುವಾಗ ತಿಳಿಯದ ಪದವನ್ನು ಹಾರಿಸಬಾರದೆಂದು ಗದರಿಸುತ್ತಾರೆ. ಸರ್ವರಿನ ಒಂದು ಸಾಲನ್ನು ಓದಲು ಬೇಕಾದದ್ದು ಇದಕ್ಕಿಂತ ಬೇರೆ ವಿದ್ಯೆಯಲ್ಲ. ಆ ಸಾಲು ಇಂಗ್ಲಿಷಿನಲ್ಲಿದೆಯೆಂಬುದು ನಿಜವಾದ ತೊಡಕು. ಕನ್ನಡ ಮಾಧ್ಯಮದಿಂದ ಬಂದ ನಮ್ಮಲ್ಲಿ ಹಲವರು ಇಂಗ್ಲಿಷ್ ಸಾಲನ್ನು ಕಂಡೊಡನೆ ಅದನ್ನು ಓದತಕ್ಕ ಮಾತೆಂದು ತಿಳಿಯದೆ, ಬೈಗುಳವೆಂದೇ ಭಾವಿಸಿ ತಲೆತಗ್ಗಿಸುತ್ತೇವೆ. ನಾನೂ ಹಾಗೆಯೇ ಇದ್ದೆ. ಆದುದರಿಂದ ಕಂಪ್ಯೂಟರ್ ಪಾಠವೆಂದರೆ ಭಾಗಗಳ ಹೆಸರನ್ನು ಉರುಹೊಡೆಸುವುದಕ್ಕಿಂತ, ಕೆಟ್ಟುನಿಂತ ಒಂದು ಸರ್ವರನ್ನು ಕೊಟ್ಟು, ಅದು ಹೇಳುವುದನ್ನು ಕನ್ನಡದಲ್ಲಿ ವಿವರಿಸಿ ಬರೆಯಿರಿ ಎಂದರೆ ಒಳ್ಳೆಯದು. ಪಂಡಿತರು ನಗಬಹುದು, ನಗಲಿ.

ಅಂದು ಕೃಷ್ಣರಾಜಪುರದಿಂದ ಹಿಂದಿರುಗಿದ ಮೇಲೆ ನಾವು ಮೊದಲು ಮಾಡಿದ ಕೆಲಸ, ವಾಟ್ಸಾಪಿನಲ್ಲಿ ಓಡಾಡಿದ ಮಿತ್ರನ ಕೀಲಿಯ ಸಾಲನ್ನು ಪಟ್ಟಿಯಿಂದ ಕಿತ್ತುಹಾಕಿದ್ದು. ಅವನು ಹೊಸ ಜೋಡಿ ಮಾಡಿಕೊಂಡು ಸಾರ್ವಜನಿಕ ಭಾಗವನ್ನು ಮಾತ್ರ ಕಳಿಸಿದ. ಒಂದೇ ಖಾತೆಯನ್ನು ಇಬ್ಬರು ಹಂಚಿಕೊಳ್ಳುವುದನ್ನು ಬಿಟ್ಟು ಅವನಿಗೊಂದು, ನನಗೊಂದು ಖಾತೆ ಮಾಡಿಕೊಂಡೆವು. ಹಳೆಯ ಪಟ್ಟಿಯಲ್ಲಿ ಇನ್ನೊಂದು ಸಾಲೂ ಇತ್ತು. ಅದು ಅಣ್ಣ ಹಿಂದೆ ಎಸ್.ಪಿ. ರಸ್ತೆಯಲ್ಲಿ ಮಾರಿದ ಲ್ಯಾಪ್‌ಟಾಪಿನ ಕೀಲಿಯದಂತೆ! ಅದನ್ನೂ ತೆಗೆದೆವು. ಎಲ್ಲ ಸಂಚಿಕೆಗಳ ಇನ್ನೊಂದು ಪ್ರತಿಯನ್ನು ಈಗ ಕಾಲೇಜಿನಲ್ಲಿ ಒಂದು ಡಿಸ್ಕಿನಲ್ಲಿಟ್ಟಿದ್ದೇವೆ. ಬಾಗಿಲು ತೆರೆಯದಿದ್ದರೆ ಏನೇನನ್ನು ಯಾವ ಕ್ರಮದಲ್ಲಿ ಓದಬೇಕೆಂದು ಕನ್ನಡದಲ್ಲಿ ಎರಡು ಪುಟ ಬರೆದು ಪ್ರಯೋಗಶಾಲೆಯ ಗೋಡೆಗೆ ಅಂಟಿಸಿದ್ದೇನೆ. ದ್ವಿತೀಯ ಬಿ.ಎ.ಯ ಇಬ್ಬರು ಈ ಕೆಲಸಕ್ಕೆ ಬರುತ್ತೇವೆಂದಿದ್ದಾರೆ. ಈ ಸಂಚಿಕೆ ಅಚ್ಚಾಗಿ ಬಂದ ಮೇಲೆ ಇದರ ಪುಟಗಳನ್ನು ಅವರ ಕೈಯಿಂದಲೇ ಏರಿಸಬೇಕು. ನನ್ನ ಕೊನೆಯ ಪರೀಕ್ಷೆ ಮುಗಿದ ಸಂಜೆ ಅವರ ಬಾಗಿಲು ತೆರೆಯುವುದನ್ನು ಕಣ್ಣಾರೆ ನೋಡಿ, ಆಮೇಲೆ ನನ್ನ ಸಾಲನ್ನು ಅಳಿಸುವಂತೆ ಅವರಿಗೆ ಹೇಳಿದ್ದೇನೆ.